ಎರಡನೇ ಬ್ರೇಕು

ಬಿಪಿ ನೋಡುವ ಯಂತ್ರದ ಬೆಲೆಗೆ ಕಾರಿಗೊಂದು ಹೊಸ ಟೈರು ಬರುತ್ತಿತ್ತು. ಡಾಕ್ಟರ ಫೀಸಿನಲ್ಲಿ ಎಂಜಿನ್ ಆಯಿಲ್ ಬದಲಾಯಿಸಬಹುದಿತ್ತು. ತಿಂಗಳ ಮಾತ್ರೆಗೆ ಒಂದು ಜೊತೆ ವೈಪರು, ರಕ್ತಪರೀಕ್ಷೆಗೆ ಮುಂದಿನ ದೀಪದ ಗಾಜು. ಡ್ರೈವಿಂಗ್ ಮೇಷ್ಟ್ರು ಊಟದ ಮೇಜಿನ ಮೇಲೆ ಎಡಗೈ ಚಾಚಿ, ತೋಳಿಗೆ ಸುತ್ತಿದ ಪಟ್ಟಿ ಉಬ್ಬುತ್ತಾ ಹೋಗುವುದನ್ನು ನೋಡುತ್ತಾ ಈ ಲೆಕ್ಕ ಹಾಕುತ್ತಿದ್ದರು. ಇಷ್ಟೆಲ್ಲ ಖರ್ಚು ಯಾತಕ್ಕೆ? ಒಂದು ತಲೆನೋವೂ ಇಲ್ಲದ, ಮೆಟ್ಟಿಲು ಹತ್ತಿದರೆ ಏದುಸಿರೂ ಬಾರದ ಮನುಷ್ಯನನ್ನು ರೋಗಿ ಅನ್ನಿಸಿಕೊಳ್ಳುವುದಕ್ಕೆ.

ಯಂತ್ರ ಗುರುಗುಟ್ಟಿ, ಪಟ್ಟಿಯ ಗಾಳಿ ಬಿಟ್ಟು ಅಂಕಿ ತೋರಿಸಿತು. ಮೇಲಿನದು ನೂರ ಎಪ್ಪತ್ತೆರಡು. ಸ್ವಲ್ಪ ಹೊತ್ತಿನ ಮುಂಚೆ ನೂರ ಅರವತ್ತೆಂಟಿತ್ತು.

"ಸುಳ್ಳು ಹೇಳುತ್ತೆ ಇದು," ಎಂದರು.

ಎದುರು ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಸುಳ್ಳು ಹೇಳೋರ ಹತ್ರ ಯಾರಾದ್ರೂ ಗಳಿಗೆಗೊಂದು ಸಲ ಹೋಗಿ ಕೇಳ್ತಾರೇನ್ರೀ? ಮಾತ್ರೆ ತಂದಿಟ್ಟಿದೀರಲ್ಲ, ನುಂಗಿ."

"ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ನುಂಗಬೇಕು. ನಿನ್ನ ತಮ್ಮನ್ನ ನೋಡಿಲ್ವಾ?"

ಮೇಷ್ಟ್ರು ಡಾಕ್ಟರ ಬಳಿ ಹೋದದ್ದು ಕಾಯಿಲೆಗಲ್ಲ. ಕಲಿಸುವವರ ಲೈಸೆನ್ಸಿನ ಅವಧಿ ಮುಗಿಯಲು ಒಂದೂವರೆ ತಿಂಗಳಿತ್ತು. ಅದನ್ನು ಮುಂದುವರಿಸಲು ಆರೋಗ್ಯ ಸರಿಯಿದೆ ಎಂಬ ಒಂದು ಸಹಿ ಬೇಕು. ಹಿಂದೆಲ್ಲ ಮುದುಕ ಡಾಕ್ಟರು ಮುಖ ನೋಡಿಯೇ ಸಹಿ ಹಾಕುತ್ತಿದ್ದರು. ಈ ಸಲ ಆ ಕುರ್ಚಿಯಲ್ಲಿ ಒಬ್ಬಳು ಹುಡುಗಿ ಕೂತಿದ್ದಳು, ಮೀಸೆಯಿದ್ದಿದ್ದರೆ ಇನ್ನೂ ಚಿಗುರುವ ವಯಸ್ಸು. ತೋಳಿಗೆ ಪಟ್ಟಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಇದು ಜಾಸ್ತಿಯಿದೆ. ಮಾತ್ರೆ ಶುರು ಮಾಡಿ, ಕಂಟ್ರೋಲಿಗೆ ಬಂದ ಮೇಲೆ ಸಹಿ ಹಾಕ್ತೀನಿ. ಮನೇಲಿ ಅಳೆಯೋದಾದ್ರೆ ಐದು ನಿಮಿಷ ಸುಮ್ಮನೆ ಕೂತು ಅಳೀರಿ," ಎಂದಳು. ಸುಮ್ಮನೆ ಕೂರುವುದು! ಮೂವತ್ತು ವರ್ಷದಿಂದ ಬೇರೆಯವರ ಕೈಗೆ ಸ್ಟಿಯರಿಂಗ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತವನಿಗೆ ಈ ಮಗು ಕೂರುವುದನ್ನು ಹೇಳಿಕೊಡುತ್ತದೆ.

ಆವತ್ತಿನಿಂದ ಮೇಷ್ಟ್ರಿಗೆ ಊರಲ್ಲಿ ಬುದ್ಧಿಯಿರುವವರು ಯಾರೂ ಕಾಣಲಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ಕೈ ಬೀಸಿಕೊಂಡು ಸುತ್ತು ಹೊಡೆಯುವವರು, ಒಣ ನೆಲದಲ್ಲಿ ಈಜುವ ಮೂರ್ಖರು. ಉಪ್ಪಿಲ್ಲದ್ದನ್ನು ತಿಂದು ಚೆನ್ನಾಗಿದೆ ಅನ್ನುವವರು, ಬಾಯಿ ಸತ್ತವರು. ಮೊದಲು ಬರಿ ಕಲಿಯಲು ಬಂದವರನ್ನು ಬೈಯುತ್ತಿದ್ದವರು ಈಗ ದಾರಿಹೋಕರನ್ನೂ ಬಿಡಲಿಲ್ಲ. ಬೈದು ಮುಗಿಸಿ, ಕಾರನ್ನು ಮರದ ನೆರಳಿಗೆ ಹಾಕಿಸಿ, ಕಲಿಯುವವರನ್ನು ಟೀ ಕುಡಿಯಲು ಅಟ್ಟಿ, ಸೀಟಿನ ಕೆಳಗಿಂದ ಯಂತ್ರ ತೆಗೆದು ತೋಳಿಗೆ ಸುತ್ತಿಕೊಳ್ಳುತ್ತಿದ್ದರು. ಅಂಕಿ ಏರಿರುತ್ತಿತ್ತು. ಅದನ್ನು ನೋಡಿ ಇನ್ನಷ್ಟು ಏರುತ್ತಿತ್ತು. ರಾತ್ರಿ ದಿಂಬಿಗೆ ಕಿವಿಯಿಟ್ಟರೆ ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಸದ್ದು. ಮಗ್ಗಲು ಬದಲಿಸಿದರೆ ಆ ಕಿವಿಯಲ್ಲೂ ಅದೇ. ಹೆದರಿಕೆ ಎಂಬ ಮಾತನ್ನು ಮಾತ್ರ ಅವರು ತಮಗೆ ತಾವೂ ಹೇಳಿಕೊಳ್ಳಲಿಲ್ಲ. ಹೆದರುವುದು ಕಲಿಯುವವರ ಕೆಲಸ.

ಅಂಥವರಲ್ಲಿ ಮೇಷ್ಟ್ರು ಎಲ್ಲರಿಗಿಂತ ಹೀನಾಯವಾಗಿ ಕಂಡದ್ದು ಬೇಕರಿಯಮ್ಮನನ್ನು. ನಲವತ್ತರ ಹತ್ತಿರದ ಹೆಂಗಸು, ಬ್ರೆಡ್ಡು ಬನ್ನು ಮಾಡುವ ಸ್ವಂತ ಅಂಗಡಿ. ವ್ಯಾನ್ ಓಡಿಸುತ್ತಿದ್ದವನು ತಿಂಗಳ ಕೊನೆಗೆ ಬಿಟ್ಟು ಹೋಗುವವನಿದ್ದ. ಬೇರೊಬ್ಬನನ್ನು ಇಟ್ಟುಕೊಳ್ಳುವ ಶಕ್ತಿ ಅಂಗಡಿಗಿರಲಿಲ್ಲ, ಅಷ್ಟರೊಳಗೆ ಇವಳಿಗೆ ಲೈಸೆನ್ಸ್ ಆಗಬೇಕಿತ್ತು. ಸ್ಟಿಯರಿಂಗನ್ನು ಬಿಸಿ ತಟ್ಟೆ ಹಿಡಿದ ಹಾಗೆ ಹಿಡಿಯುತ್ತಿದ್ದಳು.

"ಮೇಷ್ಟ್ರೇ, ಗಾಡಿ ಯಾಕೋ ಎಳೀತಿಲ್ಲ," ಎಂದಳು ಒಂದು ದಿನ. "ಹಿಂದಿಂದ ಯಾರೋ ಹಿಡ್ಕೊಂಡ ಹಾಗಿದೆ."

"ಗಾಡಿಗೇನಾಗಿದೆ? ಎಳೀದೇ ಇರೋದು ನೀನು. ಆಕ್ಸಿಲರೇಟರ್ ಒತ್ತಮ್ಮ. ಅದೇನು ಇರುವೆನಾ, ಸತ್ತುಹೋಗುತ್ತೆ ಅಂತ ಕಾಲು ಸೋಕಿಸ್ತೀಯಲ್ಲ? ಗಟ್ಟಿಯಾಗಿ ಒತ್ತು."

ಅವಳು ಒತ್ತಿದಳು. ಕಾರು ನರಳಿಕೊಂಡು ಮುಂದೆ ಹೋಯಿತು. ಹಿಂದಿನಿಂದ ಸ್ಕೂಟರಿನಲ್ಲಿ ಬಂದವನೊಬ್ಬ ಕಿಟಕಿಯ ಪಕ್ಕಕ್ಕೇ ಬಂದು ಕೂಗಿದ. "ಏನ್ ಯಜಮಾನ್ರೇ, ಹಿಂದಿನ ಕೆಂಪು ದೀಪ ಹಚ್ಕೊಂಡೇ ಊರು ಸುತ್ತುತೀರಾ? ನಿಲ್ಲಿಸ್ತೀರೋ ಹೋಗ್ತೀರೋ ಒಂದು ಹೇಳಿ!"

"ಹೋಗೋ, ನಿಮ್ಮಪ್ಪನ ರಸ್ತೆನಾ?" ಎಂದರು ಮೇಷ್ಟ್ರು. ಆದರೆ ಮೂರನೆಯವನೂ ಅದನ್ನೇ ಕೂಗಿದ ಮೇಲೆ ಬ್ರೇಕ್ ಲೈಟಿನ ಸ್ವಿಚ್ಚು ಕೆಟ್ಟಿರಬೇಕು, ತೋರಿಸಬೇಕು ಎಂದುಕೊಂಡರು.

ತೋರಿಸುವ ಮುಂಚೆಯೇ ಬೇಕರಿಯಮ್ಮನ ಪರೀಕ್ಷೆಯ ದಿನ ಬಂತು. ಮೇಷ್ಟ್ರು ಉಳಿದ ಕಲಿಯುವವರ ಜೊತೆ ಪರೀಕ್ಷೆಯ ಮೈದಾನದ ಗೋಡೆಯ ಪಕ್ಕ ನಿಂತರು. ಅವರ ಜಾಗದಲ್ಲಿ ಇನ್ಸ್‌ಪೆಕ್ಟರು ತೊಡೆಯ ಮೇಲೆ ಫೈಲಿಟ್ಟುಕೊಂಡು ಕೂತರು. ಬೇಕರಿಯಮ್ಮ ಕನ್ನಡಿ ನೋಡಿದಳು, ಗೇರು ಹಾಕಿದಳು, ಕಲಿಸಿದ ಹಾಗೆ ಗಟ್ಟಿಯಾಗಿ ಒತ್ತಿದಳು. ಕಾರು ಚಂಗನೆ ಹಾರಿತು. ದಾರಿಯ ಗುರುತಿಗೆ ನಿಲ್ಲಿಸಿದ್ದ ಮೊದಲನೇ ಕಂಬ ಬಿತ್ತು, ಎರಡನೆಯದು ಚಕ್ರದ ಕೆಳಗೆ ಹೋಯಿತು, ಇನ್ಸ್‌ಪೆಕ್ಟರ ಫೈಲು ಕಿಟಕಿಯಿಂದ ಹೊರಗೆ ಬಂತು.

ಅವಳು ಇಳಿದು ಬರುವಷ್ಟರಲ್ಲಿ ಮೇಷ್ಟ್ರು ಸಿದ್ಧರಾಗಿದ್ದರು. "ನೋಡ್ರಪ್ಪಾ, ಎಲ್ಲರೂ ನೋಡಿ! ಹೆದರುಪುಕ್ಕಲು ಅಂದ್ರೆ ಏನು ಅಂತ ಪುಸ್ತಕದಲ್ಲಿ ಓದಬೇಡಿ, ಇಲ್ಲಿ ನೋಡ್ಕೊಳ್ಳಿ. ಒಲೆ ಮುಂದೆ ಕೂತಿರಬೇಕಾದೋರನ್ನ ಕಾರಲ್ಲಿ ಕೂರಿಸಿದ್ರೆ ಹೀಗೇ ಆಗೋದು."

ಕೆಲವರು ನಕ್ಕರು. ಬೇಕರಿಯಮ್ಮ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು ನಡೆದೇ ಹೋದಳು. ಮೇಷ್ಟ್ರು ಕಾರಿನೊಳಗೆ ಕೂತು ಯಂತ್ರ ತೆಗೆದರು. ಬಂದ ಅಂಕಿಯನ್ನು ಮನೆಯಲ್ಲಿ ಹೇಳಲಿಲ್ಲ.

ಮರುದಿನ ಅವರು ಕಾರನ್ನು ಭಾವಮೈದನ ಗ್ಯಾರೇಜಿಗೆ ತೆಗೆದುಕೊಂಡು ಹೋದರು. ಹೆಂಡತಿಯ ತಮ್ಮ ಎಂಟು ವರ್ಷದಿಂದ ಬಿಪಿಗೆ ಮಾತ್ರೆ ನುಂಗುವವನು. ಅದಕ್ಕಾಗಿ ಮೇಷ್ಟ್ರು ಅವನನ್ನು 'ಮಾತ್ರೆ ಡಬ್ಬಿ' ಎಂದೇ ಕರೆಯುತ್ತಿದ್ದರು, ನೆಂಟರಿಷ್ಟರ ಮುಂದೆ ಕೂಡ. ಅವನು ನಗುತ್ತಿದ್ದ. ಆ ನಗುವೂ ಅವರಿಗೆ ಮರ್ಯಾದೆಯಿಲ್ಲದವನ ಲಕ್ಷಣವಾಗಿ ಕಂಡಿತ್ತು.

"ಸ್ವಿಚ್ ಸರಿಯಾಗೇ ಇದೆ ಭಾವ," ಎಂದ ಅವನು. "ದೀಪ ಹತ್ತುತ್ತೆ ಅಂದ್ರೆ ಯಾರೋ ಬ್ರೇಕ್ ಒತ್ಕೊಂಡೇ ಇರ್ತಾರೆ ಅಂತ."

"ಇನ್ಯಾರು, ಆ ಬೇಕರಿಯವಳು."

ಅವನು ಚಕ್ರ ಬಿಚ್ಚಿದ. ಬ್ರೇಕ್ ಪ್ಯಾಡನ್ನು ಹೊರತೆಗೆದು ಅಂಗೈ ಮೇಲಿಟ್ಟು ತೋರಿಸಿದ. "ಎರಡು ತಿಂಗಳಾಗಿಲ್ಲ ನಾನೇ ಹೊಸದು ಹಾಕಿ. ನೋಡಿ, ಹಪ್ಪಳದ ಹಾಗಾಗಿದೆ." ಆಮೇಲೆ ಟಾರ್ಚು ಹಿಡಿದು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದ, ಅಲ್ಲಿಂದ ಎದ್ದು ಈಚೆ ಬಂದು ಮೇಷ್ಟ್ರು ಕೂರುವ ಕಡೆ ತೂರಿಸಿದ. ಆ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರಿಗೆ, ಇನ್ನೊಂದು ಕಲಿಸುವವರಿಗೆ. ಯಾವುದನ್ನು ಒತ್ತಿದರೂ ನಿಲ್ಲುವುದು ಅದೇ ಚಕ್ರ.

ಅವನು ಒಳಗಿಂದಲೇ ಮಾತಾಡಿದ. "ಕಲಿಯೋರ ಕಡೆ ಪೆಡಲಿನ ರಬ್ಬರಲ್ಲಿ ಗೆರೆ ಹಾಗೇ ಇದೆ ಭಾವ. ನಿಮ್ಮ ಕಡೇದು ಬೋಳಾಗಿದೆ."

ಮೇಷ್ಟ್ರು ಬಾಯಿ ತೆರೆದರು. ಬೈಯಲು ಯಾರೂ ಸಿಗಲಿಲ್ಲ. ತಮ್ಮ ಬಲಗಾಲನ್ನು ನೋಡಿಕೊಂಡರು. ಹೊಸ ಮೇಷ್ಟ್ರುಗಳಿಗೆ ಅವರೇ ಹೇಳುತ್ತಿದ್ದ ಮಾತಿತ್ತು: ಕಾಲು ನೆಲದ ಮೇಲಿರಲಿ, ಪೆಡಲಿನ ಮೇಲಲ್ಲ. ಕಾಲು ಯಾವಾಗ ಹತ್ತಿ ಕೂತಿತೋ ಅವರಿಗೆ ಗೊತ್ತೇ ಆಗಿರಲಿಲ್ಲ. ಗಾಡಿ ಎಳೆಯುತ್ತಿಲ್ಲ ಎಂದವಳಿಗೆ ಗಟ್ಟಿಯಾಗಿ ಒತ್ತು ಎಂದು ಹೇಳಿಕೊಟ್ಟದ್ದು ಯಾರು ಎಂಬುದು ಮಾತ್ರ ಗೊತ್ತಿತ್ತು.

ಭಾವಮೈದ ಎದ್ದು ಕೈಯ ಗ್ರೀಸು ಒರೆಸಿಕೊಂಡ. "ಎಷ್ಟಿದೆ ಬಿಪಿ?"

"ನಿನಗ್ಯಾರು ಹೇಳಿದ್ದು?"

"ಅಕ್ಕ ಹೇಳಿದ್ಲು. ಹೇಳದಿದ್ರೂ ಆ ರಬ್ಬರ್ ಹೇಳುತ್ತೆ. ನನಗೆ ಬಂದಾಗ ನಾನೇನು ಧೀರನಾಗಿದ್ನಾ? ಬೋಲ್ಟ್ ಬಿಗಿ ಮಾಡ್ತಾ ಮಾಡ್ತಾ ಎದೆ ಹಿಡ್ಕೊಂಡು ಕೂರ್ತಿದ್ದೆ. ಜ್ಯಾಕ್ ಹಾಕಿದ್ರೂ ಗಾಡಿ ಕೆಳಗೆ ಹೋಗೋಕೆ ಧೈರ್ಯ ಇರ್ಲಿಲ್ಲ. ಗಿರಾಕಿಗಳ ಮೇಲೆ ಬೆಳಿಗ್ಗೆಯಿಂದ ಸಂಜೆ ತನಕ ರೇಗಾಟ."

"ಆಮೇಲೆ?" ಎಂದರು ಮೇಷ್ಟ್ರು. ಭಾವಮೈದನನ್ನು ಅವರು ನಿಜವಾಗಿ ಏನಾದರೂ ಕೇಳಿದ್ದು ಅದೇ ಮೊದಲು.

"ಆಮೇಲೇನು, ಬೇಜಾರಾಯ್ತು. ಎಷ್ಟು ದಿನ ಅಂತ ಹೆದರ್ಕೊಂಡಿರೋದು? ಮಾತ್ರೆ ನುಂಗಿದೆ, ಕೆಲಸ ನೋಡ್ಕೊಂಡೆ. ಈಗ್ಲೂ ಒಂದೊಂದ್ಸಲ ಢವಢವ ಅನ್ನುತ್ತೆ. ಅನ್ಲಿ ಬಿಡು ಅಂತೀನಿ."

ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆ ಹಾಗೇ ಇತ್ತು, ಒಂದೂ ಒಡೆದಿರಲಿಲ್ಲ. ಮೇಷ್ಟ್ರು ಒಂದನ್ನು ಬಿಡಿಸಿಕೊಂಡರು. ಭಾವಮೈದ ಬಾಟಲಿ ಕೊಟ್ಟ.

"ಇದರಲ್ಲಿ ನೀರಿದೆಯೋ ಡೀಸೆಲ್ಲೋ?"

"ಕುಡೀರಿ ಭಾವ. ಡೀಸೆಲ್ ಆಗಿದ್ರೆ ನಿಮಗೆ ಕೊಡ್ತಿರ್ಲಿಲ್ಲ, ರೇಟ್ ಜಾಸ್ತಿ."

ಮೇಷ್ಟ್ರು ನುಂಗಿದರು. ಮುಖ ಹಿಂಡಿ, "ಕಹಿ," ಎಂದು ಮಾತ್ರ ಹೇಳಿದರು.

ಬೇಕರಿಯಮ್ಮನ ಮರುಪರೀಕ್ಷೆ ಮುಂದಿನ ವಾರವಿತ್ತು. ಅವಳು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಮೇಷ್ಟ್ರು ತಾವೇ ಅಂಗಡಿಯ ಮುಂದೆ ಕಾರು ತಂದು ನಿಲ್ಲಿಸಿ ಹಾರ್ನು ಹೊಡೆದರು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಅವಳು ಹೊರಗೆ ಬಂದಳು.

"ಇನ್ನೇನು ಬೈಯೋದು ಬಾಕಿ ಇದೆ ಮೇಷ್ಟ್ರೇ?"

"ಕೈ ತೊಳ್ಕೊಂಡು ಬಾ. ಸ್ಟಿಯರಿಂಗ್ ಅಂಟಾಗುತ್ತೆ."

ಅವಳು ಕೂತಳು. ಮೇಷ್ಟ್ರು ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಎಸೆದು, ಎರಡೂ ಕಾಲನ್ನು ಮೇಲಕ್ಕೆತ್ತಿ ಸೀಟಿನಲ್ಲಿ ಚಕ್ಕಂಬಕ್ಕಳ ಹಾಕಿದರು. ಕೆಳಗೆ ಬಿಟ್ಟರೆ ಕಾಲು ಮಾತು ಕೇಳುವುದಿಲ್ಲ ಎಂದು ಬೆಳಿಗ್ಗೆ ಇನ್ನೊಬ್ಬರಿಗೆ ಕಲಿಸುವಾಗಲೇ ಎರಡು ಸಲ ಖಚಿತವಾಗಿತ್ತು. ಊಟಕ್ಕೆ ಕೂತವರ ಹಾಗೆ ಕೂತ ಮೇಷ್ಟ್ರನ್ನು ಅವಳು ಬಿಟ್ಟ ಕಣ್ಣಿನಿಂದ ನೋಡಿದಳು.

"ಇವತ್ತು ಗಾಡಿ ಹಗುರ ಇರುತ್ತೆ. ಕಾಲು ಮೆತ್ತಗೆ ಇಡು," ಎಂದರು.

"ರಿಪೇರಿ ಆಯ್ತಾ?"

"ಹೊರಡು."

ಕಾರು ಮೊದಲು ಮುಗ್ಗರಿಸಿತು, ಆಮೇಲೆ ಸಲೀಸಾಗಿ ಹೊರಟಿತು. ಅಂಗಡಿ ಸಾಲು ದಾಟಿ ದೊಡ್ಡ ರಸ್ತೆಗೆ ಬಂದರು. ಮೇಷ್ಟ್ರಿಗೆ ಕಿವಿಯಲ್ಲಿ ಬಡಿತ ಶುರುವಾಯಿತು. ಬಾಗಿಲ ಮೇಲಿನ ಹಿಡಿಯನ್ನು ಒಂದು ಕೈಯಲ್ಲಿ, ತಮ್ಮ ಬಲಗಾಲಿನ ಹೆಬ್ಬೆರಳನ್ನು ಇನ್ನೊಂದರಲ್ಲಿ ಹಿಡಿದುಕೊಂಡರು. ವೃತ್ತದಲ್ಲಿ ಒಂದು ಬಸ್ಸು ಅಡ್ಡ ಬಂತು. ಅವರ ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಅದು ಬೈಗುಳವಾಗಿರಲಿಲ್ಲ. ಬೇಕರಿಯಮ್ಮ ಬ್ರೇಕು ಒತ್ತಿದಳು. ಕಾರು ನಿಲ್ಲಬೇಕಾದ ಜಾಗದಲ್ಲಿ ನಿಂತಿತು. ಬಸ್ಸು ಹೋಯಿತು.

ಅವಳು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ ಎಂಜಿನ್ ಆರಿಸಿದಳು. ಮಡಿಚಿದ ಕಾಲನ್ನು ನೋಡಿದಳು, ಕೆಳಗೆ ಖಾಲಿಯಿದ್ದ ಪೆಡಲನ್ನು ನೋಡಿದಳು.

"ಪರೀಕ್ಷೆ ದಿನ ಗಾಡಿ ಹಾರಿದ್ದು ಇದಕ್ಕೇನಾ?"

"ಹೂಂ."

"ಇಷ್ಟು ದಿನ ನೀವು ಬ್ರೇಕ್ ಒತ್ಕೊಂಡಿದ್ರಿ. ನನಗೆ ಗಟ್ಟಿಯಾಗಿ ಒತ್ತು ಅಂತಿದ್ರಿ."

"ಹೂಂ."

"ಎಲ್ಲರ ಮುಂದೆ ಹೆದರುಪುಕ್ಕಲು ಅಂದ್ರಿ."

"ಅಂದೆ." ಮೇಷ್ಟ್ರು ಹೆಬ್ಬೆರಳು ಬಿಡಲಿಲ್ಲ. "ನನಗೆ ಬಿಪಿ ಬಂದಿದೆ. ಒಂದು ತಿಂಗಳಾಯ್ತು, ತಲೆ ಸರಿ ಇಲ್ಲ."

"ನಮ್ಮತ್ತೆಗೂ ಇದೆ ಬಿಪಿ," ಎಂದಳು ಅವಳು. "ಅವರೇನೂ ಬೇರೆಯವರ ಗಾಡಿ ಹಿಡ್ಕೊಂಡಿಲ್ಲ." ಎಂಜಿನ್ ಶುರು ಮಾಡಿ, ಕನ್ನಡಿ ನೋಡಿದಳು. "ಪರೀಕ್ಷೆ ಫೀಸು ಈ ಸಲ ನೀವು ಕಟ್ಟಿ. ಆ ದಿನ ನಕ್ಕರಲ್ಲ, ಅವರಿಗೆಲ್ಲ ನೀವೇ ಹೇಳಿ, ಯಾಕೆ ಹಾರ್ತು ಅಂತ. ಈಗ ಕಾಲು ಕೆಳಗಿಡಬೇಡಿ."

ಮೇಷ್ಟ್ರು ಇಡಲಿಲ್ಲ. ಊರ ಆ ತುದಿಯವರೆಗೂ ಹಾಗೇ ಕೂತು ಹೋದರು.

ಹೇಳಬೇಕಾದವರಿಗೆ ಮರುದಿನ ಹೇಳಿದರು, ಎರಡೇ ವಾಕ್ಯದಲ್ಲಿ, ಗೋಡೆಯ ಕಡೆ ನೋಡುತ್ತಾ. ಈ ಸಲ ಯಾರೂ ನಗಲಿಲ್ಲ. ಬೇಕರಿಯಮ್ಮನಿಗೆ ಲೈಸೆನ್ಸ್ ಸಿಕ್ಕಿತು. ಮಾತ್ರೆ ತಡವಾಗಿ ಶುರುಮಾಡಿದ್ದರಿಂದ ಮೇಷ್ಟ್ರಿಗೆ ಡಾಕ್ಟರ ಸಹಿಯೂ ತಡವಾಗಿ ಸಿಕ್ಕಿತು. ಲೈಸೆನ್ಸ್ ಇಲ್ಲದ ಎರಡು ವಾರ ಕಾರು ಮನೆಯ ಮುಂದೆ ನಿಂತಿತ್ತು. ಅಷ್ಟರಲ್ಲಿ ಕಲಿಯುವವರಲ್ಲಿ ಅರ್ಧ ಮಂದಿ ಆಚೆ ಬೀದಿಯ ಡ್ರೈವಿಂಗ್ ಶಾಲೆಗೆ ಸೇರಿಕೊಂಡರು. ಅವರು ಯಾರೂ ವಾಪಸು ಬರಲಿಲ್ಲ.