ಕರ್ನಲ್ ಹೋಗುವಾಗ ಏಳಬಾರದು

ಮೂಡುಬಿದಿರೆಯ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎದ್ದು ನಿಲ್ಲುವುದರಲ್ಲಿ ಚಿನ್ನಯ್ಯನನ್ನು ಮೀರಿಸುವವರು ಇರಲಿಲ್ಲ. ಎಲೆಕ್ಟ್ರಾನಿಕ್ಸ್ ಲ್ಯಾಬಿನ ಅಟೆಂಡರ್ ಅವನು. ವೇಣೂರಿನಿಂದ ಬೆಳಗಿನ ಬಸ್ಸಿಗೆ ಬಂದು ಬೀಗ ತೆಗೆಯುವವನು. ವರಾಂಡದಲ್ಲಿ ಬೂಟಿನ ಸದ್ದು ಕೇಳಿದರೆ ಸಾಕು, ಬಂದವರು ಒಳಗೆ ಕಾಲಿಡುವಷ್ಟರಲ್ಲಿ ಎದ್ದು ನಿಂತಾಗಿರುತ್ತಿತ್ತು. ಹದಿನಾರು ವರ್ಷದ ಅಭ್ಯಾಸ. ಅದರಲ್ಲಿ ಅವನಿಗೆ ಅವಮಾನವೇನೂ ಕಾಣುತ್ತಿರಲಿಲ್ಲ. ಎದ್ದು ನಿಂತರೆ ಕಾಲೇನು ಸವೆಯುತ್ತದೆಯೇ ಎನ್ನುತ್ತಿದ್ದ.

ಏಳದಿದ್ದರೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ವಾಚ್‌ಮನ್ ಸಂಕಪ್ಪ ಒಂದು ದಿನ ಪೇಪರಿನಲ್ಲಿ ಮುಳುಗಿ, ಪ್ರಿನ್ಸಿಪಾಲರು ಎದುರಿಗೆ ಬಂದರೂ ಕೂತೇ ಇದ್ದ. ಮರುದಿನ ಅವನನ್ನು ಹಾಸ್ಟೆಲಿನ ಹಿಂದಿನ ಗೇಟಿಗೆ ಹಾಕಿದರು. ಎರಡು ವರ್ಷದಿಂದ ಅವನಿಗೆ ಅಲ್ಲಿ ಮಂಗಗಳನ್ನು ಓಡಿಸುವುದೇ ಡ್ಯೂಟಿ. ಪ್ರಿನ್ಸಿಪಾಲರು ಕೆಟ್ಟವರಲ್ಲ, ಆದರೆ ಮರ್ಯಾದೆಯ ವಿಷಯದಲ್ಲಿ ಅವರ ಲೆಕ್ಕ ಬಹಳ ಬಿಗಿ. ಚಿನ್ನಯ್ಯನಿಗೆ ತನ್ನ ಲ್ಯಾಬೆಂದರೆ ಪ್ರಾಣ. ಮಂಗಗಳ ಮೇಲೆ ಅಷ್ಟು ಪ್ರೀತಿಯಿರಲಿಲ್ಲ.

ಎರಡು ಸಾವಿರದ ಒಂಬತ್ತರ ಜೂನಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟ್ ಪರೀಕ್ಷೆ ಬಂತು. ಇಡೀ ವಿಭಾಗಕ್ಕೆ ಇದ್ದದ್ದು ಒಂದೇ ಡೆವಲಪ್‌ಮೆಂಟ್ ಬೋರ್ಡು: ಅಂಗೈಯಗಲದ ಹಸಿರು ಹಲಗೆ, ಅದರ ಮೇಲೊಂದು ಪುಟ್ಟ ಪರದೆ. ಎರಡು ತಂಡಗಳು ಅದನ್ನೇ ಹಂಚಿಕೊಂಡಿದ್ದವು. ಆದರೆ ಬೋರ್ಡನ್ನು ನಡೆಸುವ ಆಪರೇಟಿಂಗ್ ಸಿಸ್ಟಮಿನ ತಿರುಳು, ಅಂದರೆ ಕರ್ನಲ್, ಒಂದು ಸಲಕ್ಕೆ ಒಂದು ತಂಡದ್ದು ಮಾತ್ರ ಅದರೊಳಗೆ ಇರಬಹುದು. ಹಾಗಾಗಿ ಮೊದಲ ತಂಡದ ಪರೀಕ್ಷೆ ಮುಗಿದು, ಹೊರಗಿನಿಂದ ಬಂದ ಪರೀಕ್ಷಕರು ಚಹಾಕ್ಕೆ ಹೋದ ಅರ್ಧ ಗಂಟೆಯಲ್ಲೇ ಎರಡನೇ ತಂಡದ ಹುಡುಗಿ, ಮೆಲ್ಕಾರಿನ ಶಹನಾಝ್ ತನ್ನ ತಂಡದ ಕರ್ನಲನ್ನು ಯುಎಸ್‌ಬಿ ವಯರಿನ ಮೂಲಕ ಬೋರ್ಡಿಗೆ ಇಳಿಸಬೇಕಿತ್ತು. ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಷ್ಟು ಗಂಟೆಗೆ ಎಂದು ತೋರಿಸುವ ಯಂತ್ರ ಅವಳದ್ದು. ಪ್ರೈವೇಟ್ ಬಸ್ಸಿನ ಟೈಮು ಅದರ ಕಂಡಕ್ಟರನಿಗೇ ಗೊತ್ತಿರುವುದಿಲ್ಲ, ನಿನ್ನ ಯಂತ್ರಕ್ಕೆ ಹೇಗೆ ಗೊತ್ತಾಗ್ತದೆ ಎಂದು ಚಿನ್ನಯ್ಯ ವರ್ಷವಿಡೀ ಅವಳನ್ನು ಕೆಣಕಿದ್ದ.

ತೊಂದರೆಯಿದ್ದದ್ದು ವಯರು ಸಿಕ್ಕಿಸುವ ಸಾಕೆಟಿನಲ್ಲಿ. ಎರಡೂ ತಂಡದವರು ಎಳೆದೆಳೆದು ಅದು ಉದುರುವ ಹಲ್ಲಿನಂತೆ ಅಲ್ಲಾಡುತ್ತಿತ್ತು. ವಯರನ್ನು ತುಸು ಎಡಕ್ಕೆ ವಾಲಿಸಿ, ಮೇಲೆತ್ತಿ ಒತ್ತಿ ಹಿಡಿದರೆ ಮಾತ್ರ ಸಂಪರ್ಕ. ಆ ಹದ ಸಿಕ್ಕಿದ್ದು ಚಿನ್ನಯ್ಯನ ಕೈಯೊಂದಕ್ಕೇ. ಅವನು ಸ್ಟೂಲಿನಲ್ಲಿ ಕೂತು ಹಿಡಿದ. ಶಹನಾಝ್ ಕೀಬೋರ್ಡಿನ ಮುಂದೆ ನಿಂತಳು. ಪರದೆಯ ಅಂಕಿ ನಿಧಾನವಾಗಿ ಏರಿತು. ನೂರಕ್ಕೆ ನಲವತ್ತು ಆಗುವಾಗ ವಿಭಾಗದ ಮುಖ್ಯಸ್ಥೆ ಮೇಡಂ ಬಾಗಿಲಲ್ಲಿ ಇಣುಕಿ, ಪರೀಕ್ಷಕರಿಗೆ ನೀರಿಟ್ಟಾಯಿತೇ ಎಂದು ಕೇಳಿದರು.

ಚಿನ್ನಯ್ಯ ಎದ್ದು ನಿಂತ.

ವಯರು ಅವನ ಕೈಯಲ್ಲೇ ಬಂತು. ಅಂಕಿ ನಿಂತಿತು. ಮೇಡಂ ಏನೂ ಅರಿಯದೆ ಹೊರಟುಹೋದರು. ಶಹನಾಝ್ ಒಂದು ಮಾತೂ ಬೈಯಲಿಲ್ಲ, ಮುಖ ಮಾತ್ರ ಸಣ್ಣದಾಯಿತು. ಅವಳು ಬೈದಿದ್ದರೆ ಚಿನ್ನಯ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು. ಬಗ್ಗಿ ನೋಡಿದರೆ ಸಾಕೆಟಿನ ಒಂದು ಬದಿಯ ಬೆಸುಗೆಯೇ ಬಿಟ್ಟಿತ್ತು.

"ಚಿನ್ನಯ್ಯಣ್ಣ, ಇನ್ನೊಂದು ಸಲ ಎಳೆದರೆ ಇದು ಕಿತ್ತು ಬರ್ತದೆ," ಎಂದಳು. "ಮತ್ತೆ ಪರೀಕ್ಷೆ ಮುಂದಿನ ವರ್ಷಕ್ಕೇ."

ಅವನು ಮತ್ತೆ ಸ್ಟೂಲಿನಲ್ಲಿ ಕೂತ. ಬಲಗೈಯಲ್ಲಿ ವಯರು ಹಿಡಿದು, ಎಡಗೈಯಿಂದ ಬೋರ್ಡನ್ನು ಮೇಜಿಗೆ ಒತ್ತಿದ. ಮತ್ತೆ ಸೊನ್ನೆಯಿಂದ ಶುರು. ಹತ್ತು, ಇಪ್ಪತ್ತು. ಬೆರಳು ಜೋಮು ಹಿಡಿಯಿತು. ಮೂಗಿನ ತುದಿಗೆ ಬೆವರು ಬಂದು ಕೂತಿತು, ಒರೆಸುವಂತಿಲ್ಲ. ಐವತ್ತು ದಾಟಿದಾಗ ದೇವರು ದೊಡ್ಡವನು ಎಂದುಕೊಂಡ. ಅರವತ್ತೆಂಟಕ್ಕೆ ವರಾಂಡದಲ್ಲಿ ಬೂಟಿನ ಸದ್ದಾಯಿತು.

ಪ್ರಿನ್ಸಿಪಾಲರೇ ಪರೀಕ್ಷಕರನ್ನು ಕರೆದುಕೊಂಡು ಬಂದಿದ್ದರು. ಚಿನ್ನಯ್ಯನ ಮೊಣಕಾಲು ತನ್ನಷ್ಟಕ್ಕೆ ನೆಟ್ಟಗಾಗಲು ಹೊರಟಿತು. ಅವನು ಎರಡೂ ಪಾದಗಳನ್ನು ಸ್ಟೂಲಿನ ಕಾಲಿಗೆ ಸುತ್ತಿ ಬಿಗಿಮಾಡಿದ. ಸಂಕಪ್ಪ ನೆನಪಾದ, ಹಿಂದಿನ ಗೇಟು ನೆನಪಾಯಿತು.

"ಚಿನ್ನಯ್ಯ," ಎಂದರು ಪ್ರಿನ್ಸಿಪಾಲರು. ಅಷ್ಟೇ.

"ಸರ್, ಈಗ ಏಳ್ಲಿಕ್ಕೆ ಆಗುವುದಿಲ್ಲ," ಎಂದ ಚಿನ್ನಯ್ಯ, ಬೋರ್ಡಿನಿಂದ ಕಣ್ಣು ಕೀಳದೆ. "ಕರ್ನಲ್ ಹೋಗ್ತಾ ಉಂಟು."

ಆಗುವುದಿಲ್ಲ ಎಂಬ ಮಾತನ್ನು ಅವನು ಆ ಕಾಲೇಜಿನಲ್ಲಿ ಆಡಿದ್ದು ಅದೇ ಮೊದಲು. ಪ್ರಿನ್ಸಿಪಾಲರು ಸಿವಿಲ್ ಇಂಜಿನಿಯರಿಂಗಿನವರು. ಕರ್ನಲ್ ಎಲ್ಲಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಎಂದು ಅವರಿಗೆ ತಿಳಿಯದು, ಎಲ್ಲರೆದುರು ಕೇಳುವ ಮನಸ್ಸೂ ಇಲ್ಲ. ಆದರೆ ಬಿಳಿ ಗಡ್ಡದ ಪರೀಕ್ಷಕರು ಮೇಜಿನ ಹತ್ತಿರ ಬಂದು, ಬಗ್ಗಿ, ಅವನ ಬೆರಳುಗಳನ್ನು ನೋಡಿದರು. ಎಷ್ಟು ಹೊತ್ತಿನಿಂದ ಹಿಡಿದಿದ್ದೀರಿ ಎಂದು ಮೆಲ್ಲಗೆ ವಿಚಾರಿಸಿದರು. ಇನ್ನು ಮೂವತ್ತೇ ಉಳಿದದ್ದು, ಕಾಯುವ ಎಂದರು.

ಕಾಯಲು ಅವರಿಗೆ ಕುರ್ಚಿ ಬೇಕು. ಕುರ್ಚಿ ತರುವವನು ಏಳುವಂತಿಲ್ಲ. ಪ್ರಿನ್ಸಿಪಾಲರು ಆಚೀಚೆ ನೋಡಿದರು, ಕೊನೆಗೆ ಮೂಲೆಯ ಕಬ್ಬಿಣದ ಕುರ್ಚಿಯನ್ನು ತಾವೇ ಕರಕರ ಎಳೆದು ತಂದರು. ಆ ಸದ್ದಿಗೆ ಚಿನ್ನಯ್ಯ ಕಣ್ಣು ಮುಚ್ಚಿಕೊಂಡ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈ ಮಾತ್ರ ಅಲುಗಲಿಲ್ಲ.

ನೂರಾಯಿತು. ಶಹನಾಝ್ ಬೋರ್ಡನ್ನು ಆಫ್ ಮಾಡಿ ಆನ್ ಮಾಡಿದಳು. ಪುಟ್ಟ ಪರದೆಯಲ್ಲಿ ಮೊದಲು ಒಂದಷ್ಟು ಅಕ್ಷರಗಳು ಓಡಿದವು, ಆಮೇಲೆ ಧರ್ಮಸ್ಥಳದ ಬಸ್ಸು ಹತ್ತು ನಲವತ್ತಕ್ಕೆ ಎಂದು ಬಂತು. ಅವಳು ನಕ್ಕಳು, ಅಂಗೈಯಿಂದ ಕಣ್ಣೊರೆಸಿಕೊಂಡಳು. ಈಗಲಾದರೂ ನಮಸ್ಕಾರ ಸಲ್ಲಿಸೋಣವೆಂದು ಚಿನ್ನಯ್ಯ ಧಡಬಡಿಸಿ ಎದ್ದ.

ಪ್ರಿನ್ಸಿಪಾಲರು ಗಾಬರಿಯಿಂದ ಅವನ ಹೆಗಲು ಒತ್ತಿ ಕೂರಿಸಿದರು.

"ನೀನು ಕೂತ್ಕೊ ಮಾರಾಯ. ಪರೀಕ್ಷೆ ಮುಗಿಯುವವರೆಗೆ ವಯರು ಬಿಡ್ಬೇಡ."

ಕರ್ನಲ್ ಇಳಿದ ಮೇಲೆ ಆ ವಯರಿಗೆ ಕೆಲಸವಿಲ್ಲ. ಅದು ಚಿನ್ನಯ್ಯನಿಗೂ ಗೊತ್ತಿತ್ತು, ಶಹನಾಝಳಿಗೂ ಗೊತ್ತಿತ್ತು, ಗಡ್ಡದಲ್ಲೇ ನಗುತ್ತಿದ್ದ ಪರೀಕ್ಷಕರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಪ್ರಿನ್ಸಿಪಾಲರಿಗೆ ಯಾರೂ ಹೇಳಲಿಲ್ಲ. ಅವರು ಕೈಕಟ್ಟಿ ಗೋಡೆಯ ಬಳಿ ನಿಂತರು, ಚಿನ್ನಯ್ಯ ವಯರು ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತೇ ಇದ್ದ.