ಮುನ್ನೂರ ಹದಿನೆಂಟನೇ ಡೇರೆ

ಸೈನಿಕರ ಡೇರೆ ಎಂದರೆ ಪೇಪರಿನ ಫೋಟೋದಲ್ಲಿ ಸಾಲಾಗಿ ನಿಂತ ಹಸಿರು ಬಟ್ಟೆ ಎಂದುಕೊಂಡವರು ಒಮ್ಮೆ ನಮ್ಮ ಶೆಡ್ಡಿಗೆ ಬರಲಿ. ಬಂದು, ಮೂಗು ಮುಚ್ಚಿಕೊಳ್ಳದೆ ಐದು ನಿಮಿಷ ನಿಲ್ಲಲಿ, ಆಮೇಲೆ ಮಾತಾಡೋಣ. ಮೂಟೆ ಬಿಚ್ಚಿದ ಕೂಡಲೇ ಸೀಮೆಎಣ್ಣೆ, ಹೊಗೆ, ಒದ್ದೆ ಕಾಲುಚೀಲ, ಆರು ಗಂಡಸರ ಬೆವರು ಎಲ್ಲವೂ ಒಟ್ಟಿಗೆ ಮುಖಕ್ಕೆ ಹೊಡೆಯುತ್ತವೆ. ಇಪ್ಪತ್ತೆರಡು ವರ್ಷದಿಂದ ನಾನು ಈ ವಾಸನೆಯ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿದ್ದೇನೆ.

ನಮ್ಮದು ಹರಿದು ಬಂದ ಡೇರೆಗಳನ್ನು ರಿಪೇರಿ ಮಾಡುವ ಕೆಲಸ. ಮೊದಲು ಡೇರೆಯನ್ನು ಶೆಡ್ಡಿನ ಅಂಗಳದಲ್ಲಿ ಕಂಬ ಕೊಟ್ಟು ನಿಲ್ಲಿಸುತ್ತೇವೆ. ಒಬ್ಬಳು ಒಳಗೆ ಹೋಗುತ್ತಾಳೆ, ಬಾಗಿಲ ಬಟ್ಟೆಯನ್ನು ಹೊರಗಿನಿಂದ ಕಟ್ಟುತ್ತಾರೆ. ಕತ್ತಲಲ್ಲಿ ಎಲ್ಲಿ ಬಿಸಿಲು ಕಾಣುತ್ತದೋ ಅಲ್ಲಿ ತೂತು. ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಒಳಗೆ ಹೋಗುವವಳು ಯಾವಾಗಲೂ ನಾನೇ. ನನ್ನ ಕಣ್ಣು ಚುರುಕು ಎಂದು ಮೇಸ್ತ್ರಿ ಹೇಳುತ್ತಾನೆ. ನನ್ನ ಬಾಯಿಂದ ಅರ್ಧ ಗಂಟೆ ಬಿಡುವು ಸಿಗುತ್ತದೆ ಎಂದು ಉಳಿದ ಹೆಂಗಸರು ಹೇಳುತ್ತಾರೆ. ಅವರು ನನಗಿಟ್ಟ ಹೆಸರು ದಬ್ಬಣದಕ್ಕ.

ಒಳಗೆ ಓದುವುದಕ್ಕೂ ಬೇಕಾದಷ್ಟಿರುತ್ತದೆ. ಹುಡುಗರು ಬಟ್ಟೆಯ ಮೇಲೆ ಏನೇನೋ ಬರೆದಿರುತ್ತಾರೆ. ‘ಇಲ್ಲಿ ಮಲಗುವವರಿಗೆ ಸ್ನಾನ ಉಚಿತ’ ಎಂದು ಬರೆದು ಮೇಲಿನ ತೂತಿಗೆ ಬಾಣ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅಲ್ಲಿ ಡೇರೆ ಹರಿದರೆ ಅವರೇ ಕೈಗೆ ಸಿಕ್ಕ ದಾರದಲ್ಲಿ ತೇಪೆ ಹಾಕಿಕೊಳ್ಳುತ್ತಾರೆ. ತೇಪೆಯ ಪಕ್ಕದಲ್ಲಿ ತಾರೀಖು ಬರೆಯಬೇಕೆಂಬುದು ಅವರ ನಿಯಮ. ಆ ತೇಪೆಯನ್ನು ಬಿಚ್ಚಿ ಹೊಸದಾಗಿ ಹೊಲಿಯಬೇಕೆಂಬುದು ನಮ್ಮ ನಿಯಮ. ಅವರ ಹೊಲಿಗೆ ಎಂದರೆ ಕಾಗೆ ಕಾಲು ಗುಬ್ಬಿ ಕಾಲು, ಬಿಚ್ಚುವಾಗ ಅವರನ್ನೂ ಅವರ ಗುರುಗಳನ್ನೂ ಸೇರಿಸಿ ಬೈಯುವುದು ನನ್ನ ಅಭ್ಯಾಸ.

ನನ್ನ ಮಗನನ್ನು ಮಾತ್ರ ಹಾಗೆ ಬೈಯುವಂತಿರಲಿಲ್ಲ, ಅವನಿಗೆ ಗುರು ನಾನೇ. ನಾಲ್ಕು ವರ್ಷದವನಿದ್ದಾಗ ಅವನ ಅಪ್ಪ ತೀರಿಕೊಂಡರು. ನೋಡಿಕೊಳ್ಳುವವರಿಲ್ಲದೆ ಶೆಡ್ಡಿಗೇ ಕರೆತರುತ್ತಿದ್ದೆ. ನನ್ನೆದುರು ಚಕ್ಕಳಮಕ್ಕಳ ಹಾಕಿಕೊಂಡು ಕೂತು, ನಾನು ಮಾಡಿದ್ದನ್ನೆಲ್ಲ ಮಾಡುತ್ತ ಕಲಿತ. ನನ್ನ ಹೊಲಿಗೆಗೊಂದು ಗುರುತಿದೆ. ಕೊನೆಯಲ್ಲಿ ಎರಡು ಸುತ್ತು ಗಂಟು ಹಾಕಿ, ದಾರದ ಬಾಲವನ್ನು ಉಗುರಿನಷ್ಟು ಬಿಟ್ಟು, ಅದನ್ನು ತಿರುಗಿಸಿ ಬಟ್ಟೆಯ ಮಡಿಕೆಯೊಳಗೆ ತೂರಿಸುತ್ತೇನೆ. ಹಾಗೆ ಮಾಡಿದ ಗಂಟು ಹಿಮ ಬಿದ್ದರೂ ಬಿಚ್ಚದು. ಶೆಡ್ಡಿನಲ್ಲಿ ಬೇರೆ ಯಾರಿಗೂ ಅದಕ್ಕೆ ತಾಳ್ಮೆಯಿಲ್ಲ. ಅವನು ಏಳು ವರ್ಷಕ್ಕೇ ಕಲಿತಿದ್ದ.

ಆದರೆ ಎಡಗೈಯಲ್ಲಿ. ಅದೊಂದು ನನಗೆ ಸಹಿಸಲಾಗದ ವಿಷಯವಾಗಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಆ ಕೈಗೆ ಅಳತೆಯ ಕೋಲಿನಿಂದ ಹೊಡೆದಿದ್ದೇನೆ, ಒಂದು ಸಲವಲ್ಲ. ನಾನು ನೋಡುವಾಗ ಸೂಜಿ ಬಲಗೈಗೆ ಬರುತ್ತಿತ್ತು, ನಾನು ತಲೆ ತಿರುಗಿಸಿದರೆ ಎಡಗೈಗೆ ಹೋಗುತ್ತಿತ್ತು. “ಕೈ ನಂದಲ್ವೇನಮ್ಮ?” ಎನ್ನುತ್ತಿದ್ದ. “ಬಟ್ಟೆ ಸರ್ಕಾರದ್ದು ಕಣೋ” ಎನ್ನುತ್ತಿದ್ದೆ.

ಸೇನೆಗೆ ಸೇರಿದ ಮೇಲೆ ಬೆಟ್ಟದ ಮೇಲಿನ ಶಿಬಿರದಿಂದ ಕಾಗದ ಬರೆದ. ‘ನಮ್ಮ ಡೇರೆ ನಂಬರ್ ಮುನ್ನೂರ ಹದಿನೆಂಟು. ಆರು ಜನ ಮಲಗುತ್ತೇವೆ. ಬಾಗಿಲ ಹತ್ತಿರ ನಾನು. ಎಂದಾದರೂ ನಿನ್ನ ಕೈಗೆ ಬಂದರೆ ನಮ್ಮನ್ನು ಬೈಯಬೇಡ.’ ಅಂದಿನಿಂದ ಪ್ರತಿ ಮೂಟೆ ಬಿಚ್ಚುವಾಗಲೂ ಬಾಗಿಲ ಮೇಲಿನ ನಂಬರನ್ನು ಮೊದಲು ನೋಡುತ್ತಿದ್ದೆ. ಅದೊಂದು ಆಟವಾಗಿತ್ತು. ಆಮೇಲೆ ಆ ಇನ್ನೊಂದು ಕಾಗದ ಬಂತು, ಟೈಪು ಮಾಡಿದ್ದು. ಒಂಬತ್ತನೇ ತಾರೀಖು ಕಾವಲಿಗೆ ಹೋದ, ನನ್ನ ಮಗನೂ ಸೇರಿ ನಾಲ್ವರು ಹಿಮಪಾತದಲ್ಲಿ ಸಿಕ್ಕಿ ಮರಳಲಿಲ್ಲ, ದೇಹಗಳು ಸಿಕ್ಕಿಲ್ಲ, ಮೃತರೆಂದು ತೀರ್ಮಾನಿಸಲಾಗಿದೆ.

ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಸೊಸೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವರು ಜೊತೆಗಿದ್ದ ದಿನಗಳನ್ನೆಲ್ಲ ಕೂಡಿಸಿದರೆ ಎಪ್ಪತ್ತು ಆಗಲಿಕ್ಕಿಲ್ಲ. ಅವಳು ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ನಾಲ್ಕು ತಿಂಗಳು ನಾವಿಬ್ಬರೂ ಒಬ್ಬರೆದುರು ಒಬ್ಬರು ಅಳದೆ ಕಳೆದೆವು. ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿದರೆ ಯಾರ ಸರದಿ ಎಂದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವಳ ಅಣ್ಣ ತನ್ನ ಊರಿನ ಆಸ್ಪತ್ರೆಯಲ್ಲಿ ಅವಳಿಗೊಂದು ಕೆಲಸ ನೋಡಿದ. ಒಂದನೇ ತಾರೀಖಿಗೆ ಹಾಜರಾಗಬೇಕು.

“ಹೋಗಮ್ಮ, ನಿನ್ನ ವಯಸ್ಸಿಗೆ ನನ್ನ ಮುಖ ನೋಡ್ಕೊಂಡು ಕೂರ್ಬೇಕಾ?” ಎಂದೆ. ಬಾಯಿ ಹೇಳಿತು. ಮನಸ್ಸು ಮಾತ್ರ, ಇವಳೂ ಹೋದರೆ ಬೆಳಗ್ಗೆ ಎದ್ದು ಯಾರನ್ನು ಬೈಯಲಿ ಎಂದು ಕೇಳಿತು. ಅವಳು ಟ್ರಂಕಿಗೆ ಬಟ್ಟೆ ತುಂಬಿಟ್ಟಳು.

ಅದೇ ವಾರದ ಬುಧವಾರ ಮುನ್ನೂರ ಹದಿನೆಂಟು ಬಂತು.

ಕಂಬ ಕೊಟ್ಟು ನಿಲ್ಲಿಸುವವರೆಗೆ ನಾನು ಯಾರಿಗೂ ಏನೂ ಹೇಳಲಿಲ್ಲ. ಒಳಗೆ ಹೋದೆ, ಬಾಗಿಲು ಕಟ್ಟಿದರು. “ಬೆಳಕು ಎಲ್ಲೆಲ್ಲಿದೆ ಅಕ್ಕಾ?” ಎಂದು ಮೇಸ್ತ್ರಿ ಹೊರಗಿನಿಂದ ಕೂಗಿದ. ಬಾಗಿಲ ಪಕ್ಕದಲ್ಲಿ ಮಂಡಿಯೂರಿದೆ. ಅಲ್ಲೊಂದು ತೇಪೆಯಿತ್ತು. ಹಗ್ಗ ಕಟ್ಟುವ ಮೂಲೆಗೆ ತಾಗಿಕೊಂಡು, ಮೊಣಕೈ ಎತ್ತರದಲ್ಲಿ. ಗಂಟು ಮುಟ್ಟಿ ನೋಡಿದೆ, ಬಾಲ ಮಡಿಕೆಯೊಳಗಿತ್ತು. ತಾರೀಖು ಅವನು ಕಾವಲಿಗೆ ಹೋದದ್ದಕ್ಕೆ ಹಿಂದಿನ ತಿಂಗಳ ಹದಿನಾಲ್ಕು. ಆಮೇಲೆ ಹಿಂಬದಿಯ ಗೋಡೆಯಲ್ಲಿ ಇನ್ನೊಂದು ತೇಪೆ ಕಂಡಿತು. ಅದೇ ಗಂಟು, ಅದೇ ಬಾಲ. ತಾರೀಖು ಇಪ್ಪತ್ತೇಳು. ಅವನು ಕಾವಲಿಗೆ ಹೋದ ತಿಂಗಳಿನದೇ.

ಒಂಬತ್ತಕ್ಕೆ ಸತ್ತವನು ಇಪ್ಪತ್ತೇಳಕ್ಕೆ ಹೇಗೆ ಹೊಲಿಯುತ್ತಾನೆ? ಸೀಮೆಸುಣ್ಣ ಅಲ್ಲೇ ಬಿಟ್ಟು, ಹೊಟ್ಟೆನೋವು ಎಂದು ಸುಳ್ಳು ಹೇಳಿ, ಔಷಧಿ ಅಂಗಡಿಗೆ ಓಡಿದೆ. ಗಿರಾಕಿಗಳ ಮುಂದೆಯೇ ಸೊಸೆಯ ಕೈ ಹಿಡಿದುಕೊಂಡೆ.

“ಬದುಕಿದ್ದಾನೆ ಕಣೇ. ನನ್ನ ಗಂಟು. ಜಗತ್ತಲ್ಲಿ ನನಗೂ ಅವನಿಗೂ ಬಿಟ್ಟು ಯಾರಿಗೂ ಬರಲ್ಲ.”

“ಅತ್ತೆ, ನಿಮಗೆ ಖಂಡಿತ ಗೊತ್ತಾ?” ಎಂದಳು.

“ಇಪ್ಪತ್ತೆರಡು ವರ್ಷ ಏನು ಮಣ್ಣು ಹೊತ್ತಿದೀನಾ?” ಎಂದೆ.

ಆ ಸಂಜೆಯೇ ಅವಳು ಟ್ರಂಕಿನ ಬಟ್ಟೆಗಳನ್ನು ತೆಗೆದು ಮತ್ತೆ ಕಪಾಟಿಗೆ ಇಟ್ಟಳು. ಅಣ್ಣನಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ಅವನು ರೇಗಿದ, ಮುಂದಿನ ಶನಿವಾರದವರೆಗೆ ಮಾತ್ರ ಆ ಜಾಗ ಹಿಡಿದಿಟ್ಟಿರುತ್ತಾರೆ ಎಂದ. ಅವಳು ನಕ್ಕಳು. ನಾಲ್ಕು ತಿಂಗಳಾದ ಮೇಲೆ ಆ ನಗು ನೋಡಿದೆ. ಮರುದಿನ ಗಂಡನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದಳು. ಗಡ್ಡ ಕೆರೆಯುವ ಬ್ಲೇಡು ತುಕ್ಕು ಹಿಡಿದಿದೆ ಎಂದು ಹೊಸ ಪ್ಯಾಕೆಟ್ಟು ತಂದಳು. ಅನ್ನಕ್ಕೆ ಅಕ್ಕಿ ಹಾಕುವಾಗ ಮೂರನೆಯ ಹಿಡಿಗೆ ಕೈ ಹೋಗಿ, ತಾನೇ ನಾಚಿ, ವಾಪಸು ಸುರಿದಳು. “ಆ ತೇಪೆ ನಾನೂ ನೋಡ್ಬೇಕು ಅತ್ತೆ” ಎಂದು ದಿನಾ ಕೇಳುತ್ತಿದ್ದಳು. ಹೊರಗಿನವರನ್ನು ಶೆಡ್ಡಿನೊಳಗೆ ಬಿಡುವುದಿಲ್ಲ ಎಂದು ದಿನಾ ಹೇಳುತ್ತಿದ್ದೆ.

ಅದು ಸುಳ್ಳು. ಮೇಸ್ತ್ರಿಯ ಹೆಂಡತಿ ವಾರಕ್ಕೆರಡು ಸಲ ಅಲ್ಲೇ ಬಂದು ಹರಟೆ ಹೊಡೆಯುತ್ತಾಳೆ.

ಈಗ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಎದುರು ಕೂತು ಎಡಗೈಯಲ್ಲಿ ಕಲಿತವನ ಹೊಲಿಗೆ ಎಡಕ್ಕೆ ವಾಲುತ್ತದೆ. ನನ್ನದು ಬಲಕ್ಕೆ. ಬಾಗಿಲ ಪಕ್ಕದ ತೇಪೆ ಎಡಕ್ಕೆ ವಾಲಿತ್ತು. ಇಪ್ಪತ್ತೇಳರ ತೇಪೆ ಬಲಕ್ಕೆ ವಾಲಿತ್ತು, ಥೇಟು ನನ್ನದರ ಹಾಗೆ. ಥೇಟು ನನ್ನದರ ಹಾಗಿದ್ದದ್ದರಿಂದಲೇ ಅದು ಅವನದಲ್ಲ. ಡೇರೆಯಲ್ಲಿ ಬಲಗೈಯ ಹುಡುಗ ಯಾರಿಗೋ ಅವನು ಕಲಿಸಿದ್ದ. ನನ್ನಂಥ ಕಣ್ಣಿಗೆ ಇದು ತಿಳಿಯಲು ಕ್ಷಣ ಸಾಕು, ಕ್ಷಣದಲ್ಲೇ ತಿಳಿದಿತ್ತು. ಔಷಧಿ ಅಂಗಡಿಗೆ ಓಡುವಾಗ ದಾರಿಯುದ್ದಕ್ಕೂ ನಾನೇ ಅದನ್ನು ಕಾಲಡಿ ಹಾಕಿ ತುಳಿಯುತ್ತ ಹೋದೆ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ, ಸರಿ. ಆದರೆ ದಡದಲ್ಲಿದ್ದ ಹುಡುಗಿಯ ಕೈಗೂ ಆ ಕಡ್ಡಿ ಕೊಟ್ಟು ನೀರಿಗೆಳೆದವಳನ್ನು ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಮಗ ಬದುಕಿರಬೇಕೆಂಬ ಆಸೆಯೊಂದೇ ಆಗಿದ್ದರೆ ಕ್ಷಮಿಸಿಕೊಳ್ಳುತ್ತಿದ್ದೆ. ಇವಳು ಹೋಗಬಾರದೆಂಬ ಆಸೆಯೂ ಅದರಲ್ಲಿತ್ತು.

ದಾರ ಮುಗಿದಿದೆ, ಮೇಣ ಸರಿಯಿಲ್ಲ ಎಂದು ನೆಪ ಹೇಳುತ್ತ ಮುನ್ನೂರ ಹದಿನೆಂಟನ್ನು ಮೂಟೆಗಳ ಅಡಿಗೆ ತಳ್ಳುತ್ತಿದ್ದೆ. ಎಂಟನೇ ದಿನ ಮೇಸ್ತ್ರಿ ಅದನ್ನೆಳೆದು ಹೊರಗೆ ಹಾಕಿದ.

“ಅಕ್ಕಾ, ಶುಕ್ರವಾರ ಲಾರಿ ಬರುತ್ತೆ. ಇದು ಮಾತ್ರ ಯಾಕೆ ಹೀಗೆ ಬಿದ್ದಿದೆ? ನಾಳೆ ನಿಲ್ಲಿಸಿ, ತೇಪೆಗಳನ್ನ ಬಿಚ್ಚಿ.”

ಅಂದು ಮನೆಗೆ ಹೋದರೆ ಸೊಸೆ ಮೇಜಿನ ಮೇಲೆ ಗಂಡನ ಕಾಗದಗಳನ್ನೆಲ್ಲ ಜೋಡಿಸುತ್ತಿದ್ದಳು. “ಸೋಮವಾರ ರಜಾ ಹಾಕಿದೀನಿ ಅತ್ತೆ. ಸೇನೆಯ ಆಫೀಸಿಗೆ ಹೋಗೋಣ. ನೀವು ಗಂಟಿನ ವಿಷಯ ಹೇಳಿ, ನಾನು ತಾರೀಖು ತೋರಿಸ್ತೀನಿ. ಹುಡುಕಲೇಬೇಕಲ್ವಾ ಅವರು?” ಅವಳ ಕಣ್ಣಲ್ಲಿದ್ದ ಹೊಳಪು ನೋಡಲಾಗಲಿಲ್ಲ. ಆ ಆಫೀಸಿನ ಗುಮಾಸ್ತ ಅವಳನ್ನು ಕನಿಕರದಿಂದ ನೋಡುವುದು ನನ್ನ ಕಣ್ಣಿಗೆ ಕಟ್ಟಿತು.

“ನಾಳೆ ಮಧ್ಯಾಹ್ನ ಶೆಡ್ಡಿಗೆ ಬಾ. ಮೊದಲು ಡೇರೆ ನೋಡುವೆಯಂತೆ” ಎಂದೆ.

ಮರುದಿನ ಊಟದ ಹೊತ್ತಿಗೆ ಬಂದಳು. ಇಬ್ಬರೂ ಒಳಗೆ ಹೋದೆವು. ಬಾಗಿಲು ಕಟ್ಟುವುದು ಬೇಡ ಎಂದು ಮೇಸ್ತ್ರಿಗೆ ಹೇಳಿದೆ. ಅವಳು ಮೊದಲು ಬಾಗಿಲ ಪಕ್ಕದ ನೆಲವನ್ನು ನೋಡಿದಳು, ಚಪ್ಪಲಿ ಬಿಟ್ಟಳು, ಅಲ್ಲಿ ಕೂತಳು.

“ಇಲ್ಲೇ ಅಲ್ವಾ ಮಲಗ್ತಿದ್ದದ್ದು?”

“ಹೂಂ.”

“ಎಷ್ಟು ಸಣ್ಣ ಜಾಗ. ಇವರ ಕಾಲು ಹೊರಗೇ ಇರ್ತಿತ್ತೇನೋ.” ನಗಲು ನೋಡಿದಳು. ನಾನು ಅವಳ ಬೆರಳು ಹಿಡಿದು ಮೂಲೆಯ ತೇಪೆಯ ಮೇಲಿಟ್ಟೆ.

“ಇದು ಅವನು ಹೊಲಿದಿದ್ದು. ನೋಡು, ಎಡಕ್ಕೆ ವಾಲಿದೆ. ಅವನ ಕೈ ಹಾಗೆ. ನಿನ್ನ ಬ್ಯಾಗಿನ ಹಿಡಿ ಹೊಲಿದುಕೊಟ್ಟಿದ್ದನಲ್ಲ, ಅದನ್ನ ಬೇಕಾದ್ರೆ ನೋಡು.” ಅವಳ ಹೆಗಲಲ್ಲೇ ಆ ಬ್ಯಾಗಿತ್ತು. ನೋಡಿದಳು. ಆಮೇಲೆ ಹಿಂಬದಿಗೆ ಕರೆದುಕೊಂಡು ಹೋಗಿ ಇಪ್ಪತ್ತೇಳರ ತೇಪೆ ತೋರಿಸಿದೆ. ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು, ಬ್ಯಾಗಿನ ಹಿಡಿ ನೋಡಿದಳು, ಮತ್ತೆ ಬೆರಳಾಡಿಸಿದಳು.

“ಇದು ಯಾರದು?”

“ಗೊತ್ತಿಲ್ಲ. ಅವನ ಹತ್ತಿರ ಕಲಿತವನು ಯಾರೋ.”

“ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಹೇಳಲು ಅದೇ ಕೊನೆಯ ಅವಕಾಶವಾಗಿತ್ತು. “ಮೊದಲ ದಿನವೇ” ಎಂದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಬಾಗಿಲ ಪಕ್ಕದ ಅದೇ ಜಾಗಕ್ಕೆ ಹೋಗಿ, ಗೋಡೆಯ ಬಟ್ಟೆಗೆ ಮುಖ ಒತ್ತಿ ಅತ್ತಳು. ಇಲ್ಲಿ ಬಚ್ಚಲೂ ಇರಲಿಲ್ಲ, ನಲ್ಲಿಯೂ ಇರಲಿಲ್ಲ. ನಾನು ಹತ್ತಿರ ಹೋಗಿ ತಲೆ ಮುಟ್ಟಿದೆ. ಕೈಯನ್ನು ಸರಿಸಿದಳು. ನಾಲ್ಕು ತಿಂಗಳಿಂದ ತಡೆದದ್ದು ನನ್ನಿಂದಲೂ ಹೊರಬಿತ್ತು, ಆದರೆ ಅವಳಿಂದ ಮೂರು ಅಡಿ ದೂರ ಕೂತೇ ಅತ್ತೆ.

ಶುಕ್ರವಾರ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಟ್ರಂಕು ಹೊತ್ತುಕೊಂಡು ನಾನೇ ಹೋದೆ. ಸೊಸೆ ಬೇಡ ಎನ್ನಲಿಲ್ಲ. ಬಸ್ಸು ಹತ್ತುವ ಮುಂಚೆ, ಡೇರೆಯಿಂದ ಹೊರಬಂದ ಮೇಲೆ ಮೊದಲ ಬಾರಿ, ನನ್ನ ಮುಖ ನೋಡಿದಳು.

“ನೀವು ಸುಳ್ಳು ಹೇಳಿದ್ದಕ್ಕಲ್ಲ ಅತ್ತೆ. ಒಂದು ಸಲ ಕಳ್ಕೊಂಡಿದ್ದೆ. ನೀವು ವಾಪಸು ಕೊಟ್ಟು, ಇನ್ನೊಂದು ಸಲ ಕಿತ್ಕೊಂಡ್ರಿ.”

ನಾನು ಟ್ರಂಕನ್ನು ಬಸ್ಸಿಗೆ ಏರಿಸಿಕೊಟ್ಟೆ. ಕಿಟಕಿಯಲ್ಲಿ ಕೂತವಳು ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಹಿಡಿಯನ್ನು ಹಿಡಿದುಕೊಂಡಿದ್ದಳು. ಬಸ್ಸು ತಿರುವು ದಾಟುವವರೆಗೆ ನಿಂತಿದ್ದೆ.

ಅಲ್ಲಿಂದ ನೇರ ಶೆಡ್ಡಿಗೆ ಹೋದೆ. ಲಾರಿ ನಾಲ್ಕಕ್ಕೆ ಬರುವುದಿತ್ತು. ಇಪ್ಪತ್ತೇಳರ ತೇಪೆಯನ್ನು ಬಿಚ್ಚಿ ಮೆಷಿನ್ನಿಗೆ ಕೊಟ್ಟೆ. ಆ ಹುಡುಗ ಯಾರೇ ಆಗಿರಲಿ, ಎಲ್ಲೇ ಇರಲಿ, ಅವನ ಗುರುವನ್ನು ಬೈಯಲಿಲ್ಲ. ಬಾಗಿಲ ಮೂಲೆಗೆ ಮೆಷಿನ್ನು ಹೋಗುವುದಿಲ್ಲ, ಕೈಯಲ್ಲೇ ಹೊಲಿಯಬೇಕು. ನನ್ನ ಮಗನ ದಾರವನ್ನು ಒಂದೊಂದೇ ಕತ್ತರಿಸಿ ತೆಗೆದೆ. ಗಟ್ಟಿ ಬಟ್ಟೆಯಲ್ಲಿ ಸೂಜಿಯ ತೂತುಗಳು ಹಾಗೇ ಉಳಿದವು, ಸಾಲಾಗಿ, ಎಡಕ್ಕೆ ವಾಲಿಕೊಂಡು.

ಹೊಸ ದಾರಕ್ಕೆ ಮೇಣ ಹಚ್ಚಿ ಅದೇ ತೂತುಗಳಲ್ಲಿ ಸೂಜಿ ತೂರಿಸಲು ಹೋದೆ. ಬಲಗೈಗೆ ದಾರಿ ಸಿಗಲಿಲ್ಲ. ಮೂರು ಸಲ ನೋಡಿದೆ, ಮೂರು ಸಲವೂ ಸೂಜಿ ಬೇರೆಲ್ಲೋ ಹೊರಬಂತು. ಸೂಜಿಯನ್ನು ಎಡಗೈಗೆ ಬದಲಾಯಿಸಿಕೊಂಡೆ. ಸೂಜಿ ತಳ್ಳಲು ಅಂಗೈಗೆ ಕಟ್ಟುವ ತೊಗಲಿನ ಪಟ್ಟಿ ನಮ್ಮಲ್ಲಿ ಬಲಗೈಗೆ ಮಾತ್ರ ಇದೆ, ಎಡಗೈಯವರಿಗೆ ಯಾರೂ ಮಾಡಿಸಿಲ್ಲ. ಬರಿಯ ಅಂಗೈಯಿಂದಲೇ ತಳ್ಳಿದೆ. ಐದನೇ ಹೊಲಿಗೆಗೆ ರಕ್ತ ಬಂತು. ಅವನೂ ಹೀಗೇ ಬರಿಗೈಯಲ್ಲಿ, ಆ ಚಳಿಯಲ್ಲಿ ತಳ್ಳಿರಬೇಕು. ಆ ಕೈಗೆ ಎಷ್ಟು ಹೊಡೆದಿದ್ದೆ ನಾನು. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ ಎರಡು ಸುತ್ತು ಗಂಟು ಹಾಕಿ, ಬಾಲವನ್ನು ಮಡಿಕೆಯೊಳಗೆ ತೂರಿಸಿದೆ.

ಲಾರಿಯವನು ಹಾರನ್ನು ಹೊಡೆಯುತ್ತಿದ್ದ. ಮೇಸ್ತ್ರಿ ಸೀಲು ಹಿಡಿದುಕೊಂಡು ಬಂದು, ಒಂದೊಂದೇ ತೇಪೆಯನ್ನು ಎಳೆದು ನೋಡಿದ. ಬಾಗಿಲ ಮೂಲೆಗೆ ಬಂದಾಗ ನಿಂತ.

“ಇದೇನಕ್ಕಾ, ಉಲ್ಟಾ ವಾಲಿದೆ? ಯಾರ ಕೈ ಇದು?”

“ನನ್ನ ಮಗಂದು” ಎಂದೆ.

ಅವನು ನನ್ನ ಅಂಗೈಯ ರಕ್ತ ನೋಡಿದ. ಹೊಲಿಗೆಯನ್ನು ಇನ್ನೊಮ್ಮೆ ಗಟ್ಟಿಯಾಗಿ ಎಳೆದ. ಅದು ಜಗ್ಗಲಿಲ್ಲ. ಸೀಲು ಹೊಡೆದು, ಡೇರೆಯನ್ನು ಮಡಚಲು ಹೇಳಿದ.