ದೊಡ್ಡಪ್ಪನಿಗೆ ಹೇಳು

ಪುಟ್ಟ ಹಾಸಿಗೆಯ ಮೂರು ಬದಿ ಹೊಲಿದು ಮುಗಿಸಿ ನಾಲ್ಕನೆಯ ಬದಿಗೆ ದಬ್ಬಣ ಚುಚ್ಚುವಷ್ಟರಲ್ಲಿ ದಾರ ಖಾಲಿಯಾಯಿತು. ತಮ್ಮನು ತಲೆ ಎತ್ತದೆ, ರೂಢಿಯಂತೆ, "ದಿಂಬೂ, ದಾರದುಂಡೆ ಈ ಕಡೆ ಕೊಡು ಅಂತ ದೊಡ್ಡಪ್ಪನಿಗೆ ಹೇಳು" ಎಂದುಬಿಟ್ಟ.

ಅಂದ ಮೇಲೆ ಅವನ ಕೈ ಅಲ್ಲೇ ನಿಂತಿತು. ದಿಂಬು ಅವನೆದುರಿಗೇ ಗೋಣಿತಾಟಿನ ಮೇಲೆ ಮಲಗಿತ್ತು. ಬೆಳಿಗ್ಗೆ ಅಂಗಡಿ ಗುಡಿಸಲು ಬಂದ ಅತ್ತಿಗೆಗೆ ಹೇಗೆ ಕಂಡಿತ್ತೋ ಹಾಗೇ, ಮೂತಿಯನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು. ತನ್ನ ಹೆಸರು ಕೇಳಿದರೆ ಮೊದಲು ಎಡಗಿವಿ ಏಳುತ್ತಿತ್ತು, ಆಮೇಲೆ ನಾಯಿ ಏಳುತ್ತಿತ್ತು. ಈಗ ಎರಡೂ ಏಳಲಿಲ್ಲ.

ಅಂಗಡಿಯ ಆ ತುದಿಯಲ್ಲಿ ಅಣ್ಣ ಹತ್ತಿ ಬಿಡಿಸುತ್ತ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ದಾರದುಂಡೆಯನ್ನು ನೆಲದ ಮೇಲೆ ಉರುಳಿಸಿದ. ಅದು ನಿಧಾನವಾಗಿ ಬಂದು ದಿಂಬುವಿನ ಬೆನ್ನಿಗೆ ಮೆತ್ತಗೆ ತಾಗಿ ನಿಂತಿತು. ತಮ್ಮ ಅದನ್ನು ಕೈಚಾಚಿ ಎತ್ತಿಕೊಂಡ.

ಒಳಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಇನ್ನೊಂದಿಷ್ಟು ಹತ್ತಿ ತುಂಬು. ಬರೀ ಮೂಳೆಯಾಗಿಬಿಟ್ಟಿದ್ದಾನೆ, ಒತ್ತುತ್ತೆ."

"ಒಳ್ಳೇ ಹತ್ತೀನೇ ಹಾಕಿದೀನಿ ಅತ್ತಿಗೆ."

"ಒಳ್ಳೇದು ಅಂದ್ರೆ? ಆ ಹಾಸ್ಟೆಲಿನ ಆರ್ಡರಿಗೆ ಹಾಕೋದಾ?"

"ಛೇ, ಅದಲ್ಲ. ನಮ್ಮನೆಗೆ ಹಾಕೋದು."

"ಹಾಗಾದ್ರೆ ಸರಿ" ಎಂದು ಅತ್ತಿಗೆ ಒಳಗೆ ಹೋದರು. ಹೋದವರು ಅಳುತ್ತಿದ್ದಾರೆಂದು ಪಾತ್ರೆಗಳ ಸದ್ದಿನಿಂದಲೇ ಇಬ್ಬರಿಗೂ ಗೊತ್ತಾಯಿತು.

* * *

ಅಂಗಡಿ ಕಟ್ಟಿದವರು ಅವರಪ್ಪ. ಮುಂದೆ ಹಾಸಿಗೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಒಂದಿಷ್ಟು ಮಣ್ಣಿನ ಜಾಗ. ಅಣ್ಣನಿಗೆ ಮದುವೆಯಾಗಿತ್ತು. ತಮ್ಮ ಮದುವೆಯ ಗೋಜಿಗೆ ಹೋಗಲಿಲ್ಲ. ಕೇಳಿದವರಿಗೆ, "ಊರಿನವರ ಡಬಲ್ ಹಾಸಿಗೆ ಹೊಲಿದೇ ಸಾಕಾಗಿದೆ" ಎನ್ನುತ್ತಿದ್ದ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹತ್ತಿ ಮುಗಿದುಹೋಯಿತು. "ಹುಷಾರಾಗ್ತಿದ್ದಾರೆ, ನೀನು ಹೋಗಿ ಮಾಲು ತಗೊಂಡು ಬಾ" ಎಂದು ಅಣ್ಣನೇ ತಮ್ಮನನ್ನು ದೂರದೂರಿಗೆ ಕಳಿಸಿದ. ತಮ್ಮ ಲಾರಿಯ ಜೊತೆ ವಾಪಸು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂಗಡಿಯ ಮುಂದೆ ನೆರೆದವರೆಲ್ಲರ ಎದುರಿಗೆ ಅಣ್ಣ, "ಅಪ್ಪ ಕೊನೇ ಉಸಿರಿನ ತನಕ ನಿನ್ನನ್ನೇ ಕೇಳಿದ್ರು. ನಿನಗೆ ಹತ್ತಿ ಹೆಚ್ಚಾಯ್ತು" ಎಂದ.

ಕಳಿಸಿದ್ದು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಆ ಗಳಿಗೆಯಲ್ಲಿ ಅಣ್ಣನ ದುಃಖಕ್ಕೆ ಯಾರ ಮೇಲಾದರೂ ಬೀಳಬೇಕಿತ್ತು, ಎದುರಿಗಿದ್ದವನು ತಮ್ಮ. ತಮ್ಮ ಅದಕ್ಕೆ ಉತ್ತರ ಕೊಡಲಿಲ್ಲ. ಆಮೇಲೆ ಅಣ್ಣನ ಯಾವ ಮಾತಿಗೂ ಕೊಡಲಿಲ್ಲ. ಅಣ್ಣನೇನು ಕಡಿಮೆ ಬಿಗುಮಾನದವನಲ್ಲ, ಅವನೂ ಬಾಯಿ ಹೊಲಿದುಕೊಂಡ. ಒಂದೇ ಅಂಗಡಿ, ಒಂದೇ ಅಡುಗೆಮನೆ. ನಡುವೆ ಮಾತು ಹೊತ್ತು ಹೊತ್ತು ಅತ್ತಿಗೆಗೆ ಸಾಕುಸಾಕಾಯಿತು.

ಹೀಗಿರುವಾಗ ಒಂದು ದಿನ ಅಣ್ಣ ಹತ್ತಿಯ ರಾಶಿಯಿಂದ ಅರ್ಧ ಹೊಲಿದ ದಿಂಬೊಂದನ್ನು ಎಳೆಯಲು ಹೋದ. ದಿಂಬು ಕುಂಯ್‌ಗುಟ್ಟಿತು. ಹಿಂಬಾಗಿಲಿನಿಂದ ಅದು ಯಾವಾಗ ನುಸುಳಿತ್ತೋ, ಮೈಯೆಲ್ಲ ಹತ್ತಿ ಮೆತ್ತಿಕೊಂಡ ಮರಿ. ಅಣ್ಣ ಕತ್ತು ಹಿಡಿದೆತ್ತಿದ್ದೇ ತಡ, ಅವನ ಪಂಚೆಯ ಮೇಲೆ ಧಾರಾಳವಾಗಿ ಉಚ್ಚೆ ಹೊಯ್ದಿತು.

ಅಣ್ಣ ಮರಿಯ ಮುಖ ನೋಡಿ, "ಈ ದಿಂಬು ಹೊಲಿದವರು ಯಾರು ಅಂತ ನಿನ್ನ ಚಿಕ್ಕಪ್ಪನನ್ನ ಕೇಳು" ಎಂದ.

ತಮ್ಮನು ತುಟಿ ಕಚ್ಚಿಕೊಂಡ. ತಡೆಯಲಾಗಲಿಲ್ಲ. ಅವನೂ ಮರಿಯನ್ನೇ ನೋಡುತ್ತ, "ನಾನಲ್ಲ ಅಂತ ದೊಡ್ಡಪ್ಪನಿಗೆ ಹೇಳು. ನಾನು ಹೊಲಿದಿದ್ರೆ ಇಷ್ಟು ಸೋರ್ತಿರಲಿಲ್ಲ" ಎಂದ.

ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ನೋಡಿದರೆ ಇಬ್ಬರೂ ಬೇರೆಬೇರೆ ಗೋಡೆಗೆ ಮುಖ ಮಾಡಿಕೊಂಡು ನಗುತ್ತಿದ್ದರು.

ಅಂದಿನಿಂದ ಎಲ್ಲ ದಿಂಬುವಿನ ಮೂಲಕವೇ. ಅಳತೆ ಸರಿಯಿಲ್ಲ ಅಂತ ಚಿಕ್ಕಪ್ಪನಿಗೆ ಹೇಳು. ತಲೆನೋವಿನ ಮಾತ್ರೆ ತಗೊಂಡ್ರಾ ಅಂತ ದೊಡ್ಡಪ್ಪನನ್ನ ಕೇಳು. ಬರಬರುತ್ತ ನಾಯಿಗೆ ಮಾತು ಗೊತ್ತಾಗಿಬಿಟ್ಟಿತು. 'ದೊಡ್ಡಪ್ಪ' ಅಂದರೆ ಎದ್ದು ಆ ತುದಿಗೆ ಹೋಗಿ ಅಣ್ಣನ ಮೊಣಕಾಲಿಗೆ ಮೂತಿ ತಾಗಿಸುತ್ತಿತ್ತು. 'ಚಿಕ್ಕಪ್ಪ' ಅಂದರೆ ಈ ತುದಿಗೆ ಬರುತ್ತಿತ್ತು. ನಡುವೆ ಬಿಡುವಾದಾಗ ಹೊಸ ಹಾಸಿಗೆಯ ಮೇಲೆ ಹತ್ತಿ ಮಲಗುತ್ತಿತ್ತು. ಗಿರಾಕಿಗಳು ಗದರಲಿಲ್ಲ. ನಾಯಿ ನಿದ್ದೆಹೋದ ಹಾಸಿಗೆಯನ್ನೇ ಕೊಡಿ ಎಂದು ಕೇಳಿ ಒಯ್ಯುವವರೂ ಹುಟ್ಟಿಕೊಂಡರು.

"ಅಪ್ಪನೇ ಇಲ್ಲದ ಕೂಸು," ಎನ್ನುತ್ತಿದ್ದರು ಅತ್ತಿಗೆ, ಅದಕ್ಕೆ ಹಾಲು ಹಾಕುತ್ತ. "ಪಾಪ, ದೊಡ್ಡಪ್ಪ ಚಿಕ್ಕಪ್ಪಂದಿರ ಕೈಯಲ್ಲಿ ಬೆಳೀತಿದೆ."

* * *

ಹಿತ್ತಲಲ್ಲಿ ಅಣ್ಣ ಗುಂಡಿ ತೋಡತೊಡಗಿದ. ಸ್ವಲ್ಪದರಲ್ಲೇ ಏದುಸಿರು ಬಂತು. ತಮ್ಮ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡ. ಅಣ್ಣ ಬಿಟ್ಟುಕೊಟ್ಟ.

ನಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಡಾಕ್ಟರಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದರು. ಪಕ್ಕದ ಗಾಜಿನಂಗಡಿಯವನೂ ಅಂಗಡಿ ಅರ್ಧ ಮುಚ್ಚಿ ಬಂದ.

"ಏನೂ ನೋವು ತಿಂದಿಲ್ಲ, ನಿದ್ದೆಯಲ್ಲೇ ಹೋಗಿದ್ದಾನೆ," ಎಂದರು ಡಾಕ್ಟರಮ್ಮ. "ವಯಸ್ಸಾಗಿತ್ತು. ಕಾಲಿನ ಕೀಲೆಲ್ಲ ಸವೆದುಹೋಗಿತ್ತಲ್ಲ."

"ಸವೆಯದೆ ಇನ್ನೇನು ಡಾಕ್ಟರಮ್ಮ," ಎಂದರು ಅತ್ತಿಗೆ. "ಈ ಇಬ್ಬರು ಮಹಾರಾಯರ ನಡುವೆ ಓಡಾಡೀ ಓಡಾಡೀ ಸವೆದಿದ್ದು. ಇವರು ಬಾಯಿ ಬಿಟ್ಟು ಮಾತಾಡಿದ್ದಿದ್ರೆ ಇನ್ನೂ ನಾಲ್ಕು ದಿನ ಬಾಳ್ತಿದ್ದ."

ಡಾಕ್ಟರಮ್ಮ ನಗಬೇಕೋ ಬೇಡವೋ ತಿಳಿಯದೆ ಗುಂಡಿಯನ್ನು ನೋಡಿದರು.

ಗಾಜಿನಂಗಡಿಯವನು ಮಣ್ಣಿನ ರಾಶಿಯ ಪಕ್ಕ ಕುಕ್ಕರಿಸಿದ. "ನನ್ನ ಕನ್ನಡಿ ಮುಂದೆ ನಿಂತು ದಿನಾ ಬೊಗಳೋನು. ಬೊಗಳಿ ನನ್ನ ಮುಖ ನೋಡೋನು. ಇಂಥ ಒರಟು ನಾಯೀನ ಯಾಕಯ್ಯಾ ಇಟ್ಕೊಂಡಿದ್ದೀಯ ಅನ್ನೋ ಹಾಗೆ."

ಎಲ್ಲರೂ ನಕ್ಕರು. ಅಣ್ಣ ಎರಡು ಮೂಲೆ, ತಮ್ಮ ಎರಡು ಮೂಲೆ ಹಿಡಿದು ಪುಟ್ಟ ಹಾಸಿಗೆಯನ್ನು ದಿಂಬುವಿನ ಸಮೇತ ಗುಂಡಿಗೆ ಇಳಿಸಿದರು. ಎಷ್ಟೊಂದು ವರ್ಷ ಜೊತೆಯಾಗಿ ಹಾಸಿಗೆ ಎತ್ತಿದ ಕೈಗಳು. ಒಂದು ಮೂಲೆಯೂ ವಾಲಲಿಲ್ಲ. ಅಣ್ಣ ಬಗ್ಗಿ, ಕೊನೆಯ ಬಾರಿ ಅದರ ಎಡಗಿವಿಯ ಹಿಂದೆ ತುರಿಸಿದ. ಆಮೇಲೆ ಇಬ್ಬರೂ ಕೈಯಿಂದಲೇ ಮಣ್ಣು ಎಳೆದರು.

ಮಣ್ಣು ಮುಚ್ಚಿ ಮುಗಿಯುವಾಗ ಗಾಜಿನಂಗಡಿಯವನು ತಮ್ಮನನ್ನು ಕೇಳಿದ: "ಅಂತೂ ಇನ್ನು ನಿನಗೆ ತೊಡಕಿಲ್ಲ ಬಿಡು. ಆ ಸ್ಪಾಂಜ್ ಹಾಸಿಗೆ ಶೋರೂಮಿನವರು ಕೆಲಸಕ್ಕೆ ಕರೀತಾನೇ ಇದ್ರಲ್ಲ. ಮುದಿ ನಾಯೀನ ಬಿಟ್ಟು ಹೆಂಗೆ ಬರಲಿ ಅಂತ ಮುಂದೂಡ್ತಿದ್ದೆಯಂತೆ?"

ಮಣ್ಣು ತಟ್ಟುತ್ತಿದ್ದ ಅಣ್ಣನ ಕೈ ನಿಂತಿತು. ಅವನು ಈ ಸುದ್ದಿ ಕೇಳಿದ್ದು ಇದೇ ಮೊದಲು.

"ಈಗ್ಯಾಕಪ್ಪ ಆ ಮಾತು" ಎಂದ ತಮ್ಮ. ಇಲ್ಲ ಎನ್ನಲಿಲ್ಲ.

* * *

ಮಧ್ಯಾಹ್ನದ ಊಟಕ್ಕೆ ಯಾರೂ ಸರಿಯಾಗಿ ಕೂರಲಿಲ್ಲ. ತಟ್ಟೆ ಎತ್ತುತ್ತ ಅತ್ತಿಗೆ ಸ್ಪಷ್ಟವಾಗಿ ಹೇಳಿಬಿಟ್ಟರು. "ನೋಡಿ, ಇನ್ಮೇಲೆ ನನ್ನ ಕೈಯಲ್ಲಿ ಅವನಿಗೆ ಹೇಳು ಇವರಿಗೆ ಹೇಳು ಅಂತ ಕಳಿಸೋದು ಬೇಡ. ನಾನು ದಿಂಬು ಅಲ್ಲ. ನನ್ನ ಕಾಲೂ ನೋಯ್ತವೆ."

ಹಾಸ್ಟೆಲಿನ ಹಾಸಿಗೆಗಳು ಬಾಕಿಯಿದ್ದವು. ಇಬ್ಬರೂ ಅಂಗಡಿಗೆ ಬಂದು ತಂತಮ್ಮ ತುದಿಯಲ್ಲಿ ಕೂತರು. ಅಣ್ಣನಿಗೆ ಕತ್ತರಿ ಬೇಕಿತ್ತು. ಅದು ತಮ್ಮನ ತೊಡೆಯ ಕೆಳಗಿತ್ತು. ಅಣ್ಣ ಬಾಯಿ ತೆರೆದು, "ಚಿಕ್ಕಪ್ಪನಿಗೆ..." ಎಂದವನು ಮುಚ್ಚಿಕೊಂಡು, ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದ. ತಮ್ಮ ಅದನ್ನು ನೋಡಿಯೂ ಕತ್ತರಿ ಕೊಡಲಿಲ್ಲ. ಕೊಡಬಾರದೆಂದಲ್ಲ. ಕೊಡುವಾಗ ಏನು ಹೇಳಬೇಕು, ಮುಖ ನೋಡಬೇಕೋ ಬೇಡವೋ, ಅದೆಲ್ಲ ಅವನಿಗೆ ಮರೆತುಹೋಗಿತ್ತು. ಹೀಗೇ ಆದರೆ ಈ ಅಂಗಡಿಯಲ್ಲಿ ದಿನ ದೂಡುವುದಾದರೂ ಹೇಗೆ? ನಾಳೆಯೇ ಶೋರೂಮಿನವರಿಗೆ ಫೋನು ಮಾಡುವುದೇ ಸರಿ ಎಂದುಕೊಂಡ.

ಆಗ ಕೇಳಿಸಿತು.

ಹಿಂಬಾಗಿಲ ಕಡೆಯಿಂದ, ಸಿಮೆಂಟು ನೆಲದ ಮೇಲೆ ಉಗುರಿನ ಟಕ್ ಟಕ್. ಮುದಿ ನಾಯಿಯ ನಡಿಗೆ. ಮೂರು ಕಾಲು ಸರಿಯಾಗಿ ಊರಿ, ನಾಲ್ಕನೆಯದನ್ನು ತುಸು ಎಳೆದುಕೊಂಡು. ಹತ್ತಿಯ ಮೂಟೆಗಳ ಪಕ್ಕದಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಮೈಚೆಲ್ಲಿ ಮಲಗಿದಾಗ ಬರುವ ಆ ದೊಡ್ಡ ನಿಟ್ಟುಸಿರು.

ತಮ್ಮ ತಿರುಗಿ ನೋಡಿದ. ಮೂಟೆಗಳ ಪಕ್ಕದಲ್ಲಿ ಬಿಸಿಲು ಬಿದ್ದಿತ್ತು, ಬಿಸಿಲಲ್ಲಿ ಹತ್ತಿಯ ದೂಳು ತೇಲುತ್ತಿತ್ತು. ಬೇರೇನೂ ಇರಲಿಲ್ಲ. ನನಗೆ ತಲೆ ಕೆಟ್ಟಿತು ಎಂದುಕೊಂಡು ದಬ್ಬಣ ಎತ್ತಿಕೊಂಡ.

"ಕೇಳಿಸ್ತಾ?" ಎಂದ ಅಣ್ಣ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಪ್ರಶ್ನೆ ನೇರವಾಗಿ ಅವನಿಗೇ ಬಂದಿತ್ತು.

"ಕೇಳಿಸ್ತು" ಎಂದ ತಮ್ಮ. ತನ್ನ ದನಿ ತನಗೇ ಅಪರಿಚಿತವೆನ್ನಿಸಿತು. "ಹಿಂದಿನಿಂದ ಬಂದು ನಿನ್ನ ಹತ್ರ ಮಲಗಿದ ಹಾಗಾಯ್ತು."

"ನನ್ನ ಹತ್ರ ಎಲ್ಲಿ? ನಿನ್ನ ಹತ್ರ ಮಲಗಿದ್ದು."

ಇಬ್ಬರೂ ನಡುವಿನ ನೆಲವನ್ನು ನೋಡಿದರು. ತಮ್ಮನು ತೊಡೆಯ ಕೆಳಗಿನಿಂದ ಕತ್ತರಿ ತೆಗೆದು, ಎದ್ದು ಹೋಗಿ, ಅಣ್ಣನ ಕೈಗೇ ಕೊಟ್ಟ. ಹಿಂದಕ್ಕೆ ಹೋಗದೆ ಅಲ್ಲೇ ಒಂದು ಮೂಟೆಯ ಮೇಲೆ ಕೂತ.

"ಆ ಶೋರೂಮು," ಎಂದ ಅಣ್ಣ, ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ. "ಸ್ಪಾಂಜಿಗೆ ಹೊಲಿಗೆ ಇರುತ್ತಾ?"

"ಎಲ್ಲಿಯ ಹೊಲಿಗೆ. ಅಂಟು ಹಾಕ್ತಾರೆ."

"ಮತ್ತೆ ಅಲ್ಲಿ ನಿನಗೇನು ಕೆಲಸ?"

"ಬಂದ ಗಿರಾಕಿಗೆ ಮಲಗಿ ತೋರಿಸೋದು."

"ಅದು ದಿಂಬು ಮಾಡ್ತಿದ್ದ ಕೆಲಸ ಅಲ್ವೇನೋ?"

ತಮ್ಮನಿಗೆ ನಗು ಬಂತು. ಅಣ್ಣನಿಗೂ ಬಂತು. ನಗುತ್ತಿದ್ದ ಹಾಗೇ ಅಣ್ಣನ ಮುಖ ಇನ್ನೊಂದು ರೀತಿ ಆಯಿತು. ಅವನು ಬಿಸಿಲು ಬಿದ್ದ ನೆಲದ ಕಡೆ ತಿರುಗಿ, ತಡವರಿಸುತ್ತ, "ದಿಂಬೂ... ಹೋಗಬೇಡ ಅಂತ ಚಿಕ್ಕಪ್ಪನಿಗೆ ಹೇಳು" ಎಂದ.

"ಅವನನ್ನ ಮಲಗೋಕೆ ಬಿಡು," ಎಂದ ತಮ್ಮ. "ನೀನೇ ಹೇಳು ಅಣ್ಣ."

ಅಣ್ಣ ಕತ್ತರಿಯನ್ನು ಪಕ್ಕಕ್ಕಿಟ್ಟ. ಆಮೇಲೆ ತಲೆ ಎತ್ತಿದ. "ಹೋಗಬೇಡ ಕಣೋ."

"ಹಾಸ್ಟೆಲಿನ ಹಾಸಿಗೆ ಮುಗೀಲಿ ನೋಡೋಣ."

"ಅದು ಯಾವಾಗ ಮುಗಿಯುತ್ತೆ?"

"ನೀನು ಹೀಗೆ ದಾರ ಹಲ್ಲಲ್ಲಿ ಕಚ್ಕೊಂಡು ಕೂತ್ರೆ, ಈ ಜನ್ಮದಲ್ಲಿ ಮುಗಿಯಲ್ಲ."

ಒಳಗೆ ಪಾತ್ರೆಗಳ ಸದ್ದು ನಿಂತಿತು. ಅತ್ತಿಗೆ ಬಾಗಿಲಿಗೆ ಬಂದು ಇಣುಕಿದರು. ಒಂದೇ ಕಡೆ ಕೂತಿದ್ದ ಇಬ್ಬರನ್ನೂ ನೋಡಿ, ಹಿಂದೆ ಸರಿದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಣ್ಣ ಅಂಗಡಿಯ ಶಟರ್ ಎಳೆದ. ಮೊಣಕಾಲಿನ ಮಟ್ಟಕ್ಕೆ ಬಂದಾಗ ಕೈ ತಡೆಯಿತು. ಬೀದಿ ಸುತ್ತಲು ಹೋದ ದಿಂಬು ಬಂದು ನುಸುಳಲೆಂದು ದಿನವೂ ಅಷ್ಟು ಜಾಗ ಬಿಟ್ಟು ಕಾಯುತ್ತಿದ್ದರು.

"ಹಾಕಲಾ?" ಎಂದು ತಮ್ಮನನ್ನು ಕೇಳಿದ.

"ಸ್ವಲ್ಪ ಹೊತ್ತು ಇರಲಿ."

ಇಬ್ಬರೂ ಮೂಟೆಯ ಮೇಲೆ ಅಕ್ಕಪಕ್ಕ ಕೂತರು. ಶಟರ್‌ನ ಕೆಳಗಿನಿಂದ ಬೀದಿದೀಪದ ಬೆಳಕು ಒಂದು ಪಟ್ಟಿಯಾಗಿ ಒಳಬಂದಿತ್ತು. ಹೊರಗೆ ಚಪ್ಪಲಿಗಳು, ಶೂಗಳು, ಸೈಕಲ್ಲಿನ ಗಾಲಿಗಳು ಹಾದುಹೋಗುತ್ತಿದ್ದವು. ಗಾಳಿ ಒಮ್ಮೆ ಬೀಸಿ ಒಳಗೆ ನುಗ್ಗಿತು. ನೆಲದ ಮೇಲಿದ್ದ ಹತ್ತಿಯ ಉಂಡೆಯೊಂದು ಎದ್ದು, ಬೆಳಕಿನ ಪಟ್ಟಿಯನ್ನು ದಾಟಿ, ಅವರ ಕಡೆಗೆ ನಿಧಾನವಾಗಿ ಉರುಳಿ ಬಂತು. ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಕಾಲು ಹಿಂದಕ್ಕೆಳೆದುಕೊಂಡು ಅದಕ್ಕೆ ದಾರಿ ಬಿಟ್ಟರು.